ಮೂರನೇ ಬಡಿತಕ್ಕೆ ಕಾದ ವಠಾರ

ಬಳ್ಳಾರಿಯ ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿ ಎಂಟು ಬಾಗಿಲಿನ ವಠಾರವೊಂದಿತ್ತು. ಅಲ್ಲಿ ಅಕ್ಕನಾಗಮ್ಮ ಮೂಗು ತೂರಿಸದ ಸಂಗತಿಯೇ ಇರಲಿಲ್ಲ. ನೀರಿನ ಜಗಳವಿರಲಿ, ಬಾಣಂತಿಯ ಪಥ್ಯವಿರಲಿ, ಕರೆಯದಿದ್ದರೂ ಬಂದು ನಿಲ್ಲುತ್ತಿದ್ದಳು. ಸಿರುಗುಪ್ಪದಿಂದ ಮದುವೆಯಾಗಿ ಬಂದವಳು, ಗಂಡ ತೀರಿಹೋದ ಮೇಲೂ ತವರಿಗೆ ಮರಳದೆ ಮಂಡಿಯಿಂದ ಶೇಂಗಾ ಚೀಲ ತಂದು ಸುಲಿದುಕೊಟ್ಟು ಹೊಟ್ಟೆ ಹೊರೆಯುತ್ತಿದ್ದಳು. ಅಂಥ ಬಾಯಾಳಿಯೂ ಒಂದು ವಿಷಯ ಬಂದರೆ ಮಾತು ನುಂಗುತ್ತಿದ್ದಳು. ಅದು ಅವಳ ಪಕ್ಕದಲ್ಲೇ ಬೀಗ ಹಾಕಿ ನಿಂತಿದ್ದ ಎಂಟನೇ ಮನೆಯ ವಿಷಯ.

ನಲವತ್ಮೂರರ ಬೇಸಿಗೆಯಲ್ಲಿ ಊರಿಗೆ ವಾಂತಿಭೇದಿ ಬಂದಾಗ, ಆ ಮನೆಯಲ್ಲಿ ಒಂಟಿಯಾಗಿದ್ದ ಜಡೆಮ್ಮ ಸತ್ತಿದ್ದಳು. ಆಮೇಲೆ ಅಲ್ಲಿಗೆ ಯಾರೂ ಬಾಡಿಗೆಗೆ ಬರಲಿಲ್ಲ. ಆದರೂ ಮಟಮಟ ಮಧ್ಯಾಹ್ನ, ವಠಾರವೆಲ್ಲ ಝಳಕ್ಕೆ ಹೆದರಿ ಅಗಳಿ ಹಾಕಿಕೊಂಡು ಮಲಗಿದಾಗ, ಬೀಗದ ಹಿಂದೆ ಹಿತ್ತಾಳೆ ಚೆಂಬು ಕಲ್ಲು ಹೊಸ್ತಿಲಿಗೆ ಬಡಿಯುತ್ತಿತ್ತು. ಟಣ್. ಟಣ್. ಎರಡೇ ಸಲ. ಅಕ್ಕನಾಗಮ್ಮ ಉಸಿರು ಬಿಗಿಹಿಡಿದು ಮೂರನೆಯದಕ್ಕೆ ಕಾಯುತ್ತಿದ್ದಳು. ಅದು ಬರುತ್ತಲೇ ಇರಲಿಲ್ಲ. ತನಗೊಬ್ಬಳಿಗೇ ಕೇಳುತ್ತದೆ ಎಂದುಕೊಂಡು ನಾಲ್ಕು ವರ್ಷ ತುಟಿಪಿಟಕ್ಕೆನ್ನಲಿಲ್ಲ.

ಆ ಹೊತ್ತಿಗೆ ಅದೇ ವಠಾರದಲ್ಲಿದ್ದ ಹತ್ತಿ ಮಿಲ್ಲಿನ ಸುಂಕಪ್ಪ ಕುರುಗೋಡಿನಿಂದ ಹುಲುಗಮ್ಮನನ್ನು ಮದುವೆಯಾಗಿ ಕರೆತಂದ. ತಿಂಗಳು ಕಳೆಯುವುದರೊಳಗೆ ಹುಡುಗಿ ಕಡ್ಡಿಯಾದಳು. ಅನ್ನ ಸೇರದು, ಮಧ್ಯಾಹ್ನವಾದರೆ ಮೈ ನಡುಗುವುದು. ಒಂದು ದಿನ ಬಾವಿಕಟ್ಟೆಯಲ್ಲಿ ಅಕ್ಕನಾಗಮ್ಮನ ಸೆರಗು ಹಿಡಿದು ಅತ್ತೇಬಿಟ್ಟಳು.

"ದೊಡ್ಡಮ್ಮ, ನನಗ ತಲಿ ಕೆಟ್ಟೈತೇನ್ರಿ? ಮಧ್ಯಾಹ್ನ ಯಾರೋ ಚೆಂಬು ಬಡೀತಾರ. ನಮ್ಮನಿಯವ್ರನ್ನ ಕೇಳಿದ್ರ ಸದ್ದೇ ಇಲ್ಲ, ನಿನಗ ಗಾಳಿ ಸೋಕೈತಿ ಅಂತಾರ. ನಾಳಿ ತವರಿಗೆ ಬಿಟ್ಟು ಬರ್ತಾರಂತ. ಮತ್ತ ಕರಕೊಂಡು ಬರಂಗಿಲ್ಲಂತ."

"ಎಷ್ಟು ಸಲ ಬಡೀತಾರ?"

"ಎಲ್ಡು ಸಲ."

ಅಕ್ಕನಾಗಮ್ಮನ ಕೈಯ ಹಗ್ಗ ಜಾರಿ ಕೊಡ ಬಾವಿಗೆ ಬಿತ್ತು. ನನಗೂ ಕೇಳುತ್ತದೆ ಎಂದರೆ ಹುಡುಗಿಯ ಬಾಳು ಉಳಿಯುತ್ತದೆ. ಆದರೆ ಅಷ್ಟು ಹೇಳಿದ ಮೇಲೆ ಜಡೆಮ್ಮ ಸತ್ತ ದಿನದ ಮಾತನ್ನೂ ಹೇಳಬೇಕಾಗುತ್ತದೆ. ಅದಕ್ಕೇ ಅವಳಿಗೆ ಹೆದರಿಕೆ.

ಸಂಜೆ ಅಂಗಳದ ನಡುವೆ ಎರಡು ಚೀಲ ಶೇಂಗಾ ಸುರುವಿದಳು. "ನಾಳಿ ಮುಂಜಾನಿ ಮಂಡಿಗೆ ಹೋಗಬೇಕು. ಒಬ್ಬಾಕಿ ಕೈಲಿ ಆಗಂಗಿಲ್ಲ. ಗಂಡಸ್ರೂ ಬರ್ರಿ!" ಎಂದು ಕೂಗಿದಳು. ಶುದ್ಧ ಸುಳ್ಳು, ಮಂಡಿಯವರು ವಾರ ಗಡುವು ಕೊಟ್ಟಿದ್ದರು. ಅವಳ ಬಾಯಿಗೆ ಹೆದರಿ ಉಳಿದ ಆರು ಮನೆಯವರೂ ಗೊಣಗುತ್ತಲೇ ಬಂದು ಸುತ್ತ ಕುಳಿತರು. ಅಷ್ಟು ವರ್ಷ ಒಂದೇ ಅಂಗಳ ತುಳಿದವರು ಹಾಗೆ ಒಟ್ಟಿಗೆ ಕುಳಿತದ್ದು ಅದೇ ಮೊದಲು. ಬೀದಿಯ ಎಮ್ಮೆಗಳಾದರೂ ಜೊತೆಗೆ ಕೂರುತ್ತವೆ, ಇವರಿಗೆ ಅದೂ ಆಗಿರಲಿಲ್ಲ.

ಕೈಗಳು ಕೆಲಸಕ್ಕೆ ಹೊಂದಿಕೊಂಡ ಮೇಲೆ ಅಕ್ಕನಾಗಮ್ಮ ತಲೆ ಎತ್ತದೆ ಹೇಳಿದಳು: "ನನಗ ಮಧ್ಯಾಹ್ನ ಆ ಮನಿಯಾಗ ಚೆಂಬಿನ ಸದ್ದು ಕೇಳ್ತೈತಿ. ನಿಮಗ್ಯಾರಿಗೂ ಕೇಳಂಗಿಲ್ಲೇನು?"

ಸಿಪ್ಪೆ ಒಡೆಯುವ ಚಟಚಟ ನಿಂತುಹೋಯಿತು. ಸಾಲಿ ಮಾಸ್ತರ ಕೊಟ್ರಬಸಪ್ಪ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು. "ಕೇಳ್ತೈತಮ್ಮ. ಅದಕ್ಕ ನಾನು ಕಿವಿಯಾಗ ಹತ್ತಿ ಇಟ್ಕೊಂಡು ಮಲಗೋದು."

ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಒಪ್ಪಿಕೊಂಡರು. ಕೊನೆಗೆ ಉಳಿದವನು ಸುಂಕಪ್ಪ. "ನನಗೂ," ಎಂದ ನೆಲ ನೋಡುತ್ತ. ಹುಲುಗಮ್ಮ ಗಂಡನ ಮುಖ ನೋಡಿದ ನೋಟಕ್ಕೆ ಬೇರೆ ಯಾರಾದರೂ ಎದ್ದುಹೋಗುತ್ತಿದ್ದರು.

ಇಷ್ಟು ಬಂದ ಮೇಲೆ ಅಕ್ಕನಾಗಮ್ಮನಿಗೆ ತಡೆಯಲಾಗಲಿಲ್ಲ. "ರೋಗದ ದಿನದಾಗ ಮಾರಿ ಗುರುತಿನವ್ರಂಗ ಕರೀತಾಳ, ಬಾಗಿಲು ತಗದ್ರ ಜೀವ ಒಯ್ತಾಳ, ಆಕಿ ಕರೆಯೋದು ಎಲ್ಡೇ ಸಲ, ಮನಷ್ಯಾರಾದ್ರ ಮೂರನೇ ಸಲ ಕರೀತಾರ ಅಂತ ನಮ್ಮ ಹಿರೇರು ಹೇಳ್ತಿದ್ರು. ಆವತ್ತು ಜಡೆಮ್ಮಗ ದನಿ ಹೋಗಿತ್ತು. ನೀರಿಗಂತ ಚೆಂಬು ಬಡಿದ್ಲು. ನಾನು ಅಗಳಿ ಮ್ಯಾಲ ಕೈ ಇಟ್ಕೊಂಡು ನಿಂತಿದ್ದೆ. ಮೂರನೇದು ಬಂದಿದ್ರ ತಗೀತಿದ್ದೆ."

"ನಾನೂ ನಿಂತಿದ್ದೆ," ಎಂದರು ಮಾಸ್ತರರು. ಏಳು ಅಗಳಿಗಳ ಹಿಂದೆಯೂ ಅಂದು ಒಬ್ಬೊಬ್ಬರು ನಿಂತಿದ್ದರು.

ಹುಲುಗಮ್ಮ ಮೆಲ್ಲಗೆ ಕೇಳಿದಳು: "ಮೂರನೇ ಸಲಕ್ಕ ಆಕೀಗೆ ಕಸುವು ಎಲ್ಲಿತ್ತ್ರೀ?"

ಹುಲುಗಮ್ಮ ತವರಿಗೆ ಹೋಗಲಿಲ್ಲ.

ಸದ್ದು ನಿಂತಿತೆಂದು ಹೇಳಿದರೆ ಸುಳ್ಳಾದೀತು. ಮರುದಿನವೂ ಕೇಳಿತು. ಆದರೆ ಈಗ ಯಾರಾದರೊಬ್ಬರು ಎದ್ದು ಎಂಟನೇ ಬಾಗಿಲ ಮುಂದೆ ಒಂದು ಚೆಂಬು ನೀರು ಇಟ್ಟು ಬರುತ್ತಿದ್ದರು. ಸಂಜೆಗೆ ಅದು ಬರಿದಾಗಿರುತ್ತಿತ್ತು. ಬಳ್ಳಾರಿಯ ಬಿಸಿಲಿಗೆ ಆರಿತೋ ಏನೋ, ಯಾರೂ ವಾದ ಮಾಡಲಿಲ್ಲ. ಶೇಂಗಾ ಇರಲಿ ಬಿಡಲಿ, ಸಂಜೆ ಅಂಗಳದಲ್ಲಿ ಎಲ್ಲರೂ ಕೂರುವುದು ರೂಢಿಯಾಯಿತು. ಹೊಟ್ಟೆಯೊಳಗಿನ ಮಾತೆಲ್ಲ ಅಲ್ಲೇ ಹೊರಬರುತ್ತಿತ್ತು. ಅಕ್ಕನಾಗಮ್ಮ ತನ್ನ ಬಾಗಿಲಿನ ಅಗಳಿಯನ್ನೇ ಕೀಳಿಸಿ ಹಾಕಿದಳು.

ಐವತ್ತೆರಡರ ಬೇಸಿಗೆಯಲ್ಲಿ ಮತ್ತೆ ಅದೇ ರೋಗ ಬಂತು. ಒಂದು ಮಧ್ಯಾಹ್ನ ಅಕ್ಕನಾಗಮ್ಮ ವಾಂತಿ ಮಾಡಿಕೊಂಡು ನೆಲಕ್ಕೆ ಬಿದ್ದಳು. ಕೂಗಲು ದನಿ ಏಳಲಿಲ್ಲ. ತೆವಳಿ ಹೋಗಿ ಚೆಂಬನ್ನು ಹೊಸ್ತಿಲಿಗೆ ಬಡಿದಳು. ಟಣ್. ಎರಡನೇ ಸಲ ಎತ್ತಲು ಕೈಯಲ್ಲಿ ಕಸುವಿರಲಿಲ್ಲ. ಕಣ್ಣು ಮುಚ್ಚಿಕೊಂಡಳು.

ತೀರ ಹತ್ತಿರದಲ್ಲಿ ತುಕ್ಕು ಹಿಡಿದ ಅಗಳಿಯೊಂದು ಕಿರ್ರೆಂದಿತು. ಆಮೇಲೆ ಅಂಗಳದ ಆಚೆ ಮಾಸ್ತರರದು, ಸುಂಕಪ್ಪನದು, ಹೀಗೆ ಆರು ಅಗಳಿಗಳು ದಡಬಡ ಸರಿದವು.

ಎಲ್ಲರಿಗಿಂತ ಮೊದಲು ಓಡಿ ಬಂದವಳು ಹುಲುಗಮ್ಮ. ಆಗಲೇ ಅಕ್ಕನಾಗಮ್ಮನ ಗದ್ದ, ಎದೆ ಒದ್ದೆಯಾಗಿದ್ದವು. ಪಕ್ಕದಲ್ಲಿ ಯಾರದೋ ಚೆಂಬು ಅರ್ಧ ತುಂಬಿ ಕುಳಿತಿತ್ತು.

"ನೀರು ಯಾರು ಕುಡಿಸಿದ್ರು, ದೊಡ್ಡಮ್ಮ?"

ಅಕ್ಕನಾಗಮ್ಮನ ಕಣ್ಣಿಂದ ನೀರು ಇಳಿಯಿತು. "ಜಡೆಮ್ಮ," ಎಂದಳು. "ಒಂದೇ ಸಲ ಬಡದಿದ್ದೆ. ಆಕಿ ಬಂದ್ಲು."