ಗಾಜಿನಾಚೆ ನಿಂತಿದ್ದ ನಾಯಿ

ಆಗೆಲ್ಲ ನಮ್ಮ ಕಳಸದ ಕಡೆ ಟಿವಿ ಹೇಗಿದೆ ಎಂದು ಕೇಳಿದರೆ ಯಾರೂ ಕಂಪನಿಯ ಹೆಸರು ಹೇಳುತ್ತಿರಲಿಲ್ಲ. "ಓಲ್ಟೇಜ್ ಇದ್ರೆ ಚೆನ್ನಾಗಿದೆ" ಎನ್ನುತ್ತಿದ್ದರು. ಸಂಜೆ ಊರಿಗೆಲ್ಲ ದೀಪ ಹತ್ತಿದೊಡನೆ ಕರೆಂಟು ಸೋಲುತ್ತಿತ್ತು, ಟಿವಿಯ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ ಸುತ್ತ ಕಪ್ಪು ಪಟ್ಟಿ ಬರುತ್ತಿತ್ತು. ಅಮ್ಮನ ಅಪ್ಪ, ನಮ್ಮಜ್ಜನಿಗೆ, ಆ ಪಟ್ಟಿ ಕಂಡರಾಗದು. "ಇಷ್ಟು ದೊಡ್ಡ ಗಾಜಿದೆ, ಚಿತ್ರ ಮಾತ್ರ ಅಂಗೈಯಷ್ಟು ಯಾಕೆ?" ಎಂದು ಪೇಟೆಯಿಂದ ರಿಪೇರಿಯವನನ್ನು ಕರೆಸಿ, ಸಂಜೆಯ ಕರೆಂಟಿಗೆ ಸರಿಯಾಗಿ ಗಾಜು ತುಂಬುವಂತೆ ಚಿತ್ರವನ್ನು ಹಿಗ್ಗಿಸಿಬಿಟ್ಟರು. ಅಜ್ಜಿಯ ಧಾರಾವಾಹಿ ಗಾಜಿನ ತುಂಬ ಬಂತು. ಹಗಲು ಕರೆಂಟು ಗಟ್ಟಿಯಿದ್ದಾಗ ಹಿಗ್ಗಿದ ಚಿತ್ರದ ಅಂಚು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ.

ಆ ಬೇಸಿಗೆ ರಜೆಯಲ್ಲಿ ದೊಡ್ಡಮ್ಮನ ಮಗ ಶರತಣ್ಣ ಕೋಚಿಂಗಿಗೆಂದು ಮಂಗಳೂರಿಗೆ ಹೋಗುವಾಗ ಟಿವಿಗೆ ಸಿಕ್ಕಿಸಿ ಆಡುವ ತನ್ನ ಗೇಮ್ ಡಬ್ಬಿಯನ್ನು ಅಜ್ಜನ ಮನೆಯಲ್ಲಿ ಬಿಟ್ಟುಹೋದ. ಜೊತೆಗೆ ಒಂದೇ ಒಂದು ಡಿಸ್ಕ್. ಅದರೊಳಗಿನ ಆಟದಲ್ಲಿ ಒಬ್ಬ ಮುದಿ ನಾವಿಕ, ಅವನ ಕಂದು ನಾಯಿ, ಸಮುದ್ರದ ನಡುವೆ ಒಂದು ಪಾಳು ಕೋಟೆ. ನಾನೂ ತಮ್ಮ ಪಚ್ಚುವೂ ಸೋತು ಕೈಬಿಟ್ಟ ಆ ಆಟವನ್ನು ಹಿಡಿದವಳು ವಿನುತ ಚಿಕ್ಕಮ್ಮ, ಅಮ್ಮನ ಕೊನೆಯ ತಂಗಿ. ಮೇ ಕೊನೆಗೆ ಮದುವೆಯಾಗಿ ಬಣಕಲ್‌ಗೆ ಹೋಗುವವಳು. ಸಂಜೆಯ ಟಿವಿ ಅಜ್ಜಿಯ ಧಾರಾವಾಹಿಗೆ, ಹಾಗಾಗಿ ಅವಳ ಆಟವೆಲ್ಲ ಹಗಲಲ್ಲೇ.

"ಮದುಮಗಳು ಸೀರೆ ನೋಡೋದು ಬಿಟ್ಟು ಡಬ್ಬಿ ಒತ್ತುತ್ತಾ ಕೂತಿದ್ದಾಳೆ, ಗಂಡಿನ ಮನೆಯವ್ರು ಕಂಡ್ರೆ ಏನಂದಾರು?" ಎಂದು ಅಜ್ಜಿ ಗೊಣಗುತ್ತಿದ್ದರು.

"ಈ ಆಟ ಮುಗಿಸ್ದೆ ನಾನು ಧಾರೆಗೆ ನಿಲ್ಲಲ್ಲ" ಎನ್ನುತ್ತಿದ್ದಳು ಚಿಕ್ಕಮ್ಮ. ತಮಾಷೆಗೆ ಹೇಳಿದ್ದಲ್ಲ. ಆ ಮನೆ ಬಿಡುವ ಮೊದಲು ತನ್ನದೇ ಅಂತ ಅವಳು ಮುಗಿಸಬೇಕೆಂದುಕೊಂಡದ್ದು ಅದೊಂದೇ.

ಕೋಟೆಯೊಳಗೆ ಕಾಲಿಟ್ಟೊಡನೆ ದೊಡ್ಡ ಅಲೆ ನುಗ್ಗಿತು, ನೀರು ಇಳಿದಾಗ ನಾಯಿ ಇಲ್ಲ. ಅಲ್ಲಿಂದ ಮುಂದೆ ಯಾವ ಕೋಣೆಗೆ ಹೋದರೂ ಬೊಗಳುವುದು ಕೇಳಿಸುತ್ತಿತ್ತೇ ಹೊರತು ನಾಯಿ ಕಾಣುತ್ತಿರಲಿಲ್ಲ. ಕೋಣೆಯ ಚಿತ್ರ ಕದಲದೆ ನಿಂತಿರುತ್ತಿತ್ತು, ಅದರೊಳಗೆ ನಾವಿಕ ಮಾತ್ರ ಓಡಾಡುತ್ತಿದ್ದ. ಆ ಕೆಲವೇ ಕೋಣೆಗಳಲ್ಲಿ ಸುತ್ತಿದ್ದೇ ಬಂತು, ಅಲ್ಲಿಂದಾಚೆ ದಾರಿ ಸಿಗಲಿಲ್ಲ. ಪಚ್ಚು ಟಿವಿಯ ಪಕ್ಕಕ್ಕೆ ಹೋಗಿ ಗಾಜಿನ ಸಂದಿಯಲ್ಲಿ ಇಣುಕಿ ಬೈಸಿಕೊಂಡ.

"ಅದು ಸತ್ತು ದೆವ್ವ ಆಗಿದೆ, ಅದ್ಕೇ ಬರೀ ಕೂಗು" ಎಂದ ಆಮೇಲೆ.

"ನನ್ನ ಕೈಯಲ್ಲೇ ಹೋಯ್ತಲ್ಲೋ ಮಾರಾಯ" ಎಂದು ಚಿಕ್ಕಮ್ಮ ಕಣ್ಣೊರೆಸಿಕೊಂಡಳು. ಮರುದಿನ ಪಚ್ಚುವಿನ ಮುಂದಾಳತ್ವದಲ್ಲಿ ನಾಯಿಯ ತಿಥಿಯೂ ನಡೆಯಿತು. ಅಂಗಳದಲ್ಲಿ ಒಣಗಲು ಹಾಕಿದ್ದ ಹಲಸಿನ ಹಪ್ಪಳ ಕದ್ದು ಹಸಿಹಸಿಯಾಗಿ ತಿಂದೆವು. ನಗುತ್ತಲೇ ಮಾಡಿದ್ದು, ಆದರೂ ನಾನು ನನ್ನ ಪಾಲಿನಲ್ಲಿ ಒಂದು ಚೂರು ನಾಯಿಗೆಂದು ತೆಗೆದಿಟ್ಟೆ.

ಆ ವರ್ಷ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟಿತ್ತು. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದ ಪಕ್ಕದ ಎಸ್ಟೇಟಿನವರು ಒಂದು ಮಧ್ಯಾಹ್ನ ಸ್ಪ್ರಿಂಕ್ಲರ್ ಹಾಕಿಸಿದರು. ಮೋಟರುಗಳು ಗುಂಯ್ ಎಂದವು, ನಮ್ಮ ಫ್ಯಾನು ನಿಧಾನವಾಯಿತು, ಟಿವಿಯ ಚಿತ್ರ ಕುಗ್ಗಿತು.

"ಓಲ್ಟೇಜ್ ಬಿತ್ತು, ಟಿವಿ ಸುಡ್ತದೆ, ಆಫ್ ಮಾಡೇ" ಎಂದು ಅಜ್ಜಿ ಅಡುಗೆಮನೆಯಿಂದ ಕೂಗಿದರು. ನಾನು ಎದ್ದೆ. ಚಿಕ್ಕಮ್ಮ ನನ್ನ ಮಣಿಕಟ್ಟು ಹಿಡಿದಳು.

ಚಿತ್ರದ ಬಲ ಅಂಚಿನಲ್ಲಿ ನಾಯಿ ನಿಂತಿತ್ತು. ಬಾಲ ಅಲ್ಲಾಡಿಸುತ್ತಿತ್ತು. ಅದರ ಪಕ್ಕದಲ್ಲೇ ಒಂದು ಏಣಿ.

ಚಿಕ್ಕಮ್ಮ ನಾವಿಕನನ್ನು ಹಿಂದಿನ ಕೋಣೆಗೆ ಓಡಿಸಿದಳು. ಅಲ್ಲೂ ಅಂಚಿನಲ್ಲಿ ನಾಯಿ. ಅದರ ಹಿಂದಿನ ಕೋಣೆಯಲ್ಲೂ ಇತ್ತು. ಇಷ್ಟು ದಿನವೂ ಅದು ಪ್ರತಿ ಕೋಣೆಯಲ್ಲಿ, ಅಜ್ಜ ಹಿಗ್ಗಿಸಿದ್ದರಿಂದ ಗಾಜಿನಾಚೆ ಹೋಗಿದ್ದ ಅಂಚಿನಲ್ಲಿ, ದಾರಿಯ ಪಕ್ಕವೇ ನಿಂತು ನಮ್ಮನ್ನು ಕರೆದಿತ್ತು, ನಾವು ಅದರ ತಿಥಿ ಮಾಡಿ ಕೂತಿದ್ದೆವು.

"ಇಲ್ಲೇ ಇತ್ತಾ? ಇಲ್ಲೇ ಇತ್ತಾ ಇದು?" ಎಂದು ಚಿಕ್ಕಮ್ಮ ಮತ್ತೆ ಮತ್ತೆ ಕೇಳಿದಳು.

ಸೌಟು ಹಿಡಿದು ಬೈಯಲು ಬಂದ ಅಜ್ಜಿ ಟಿವಿ ನೋಡಿ ಗರಬಡಿದವರಂತೆ ನಿಂತರು. "ನೀವು ಅತ್ತಿದ್ದು ಇದಕ್ಕಾ? ಇದು ಬದುಕಿದೆಯಲ್ಲೇ" ಎಂದು ಸೌಟಿನ ಜೊತೆಗೇ ನೆಲದ ಮೇಲೆ ಕೂತರು. "ಟಿವಿ ಸುಟ್ರೆ ಸುಡ್ಲಿ. ಹೋಗು ನೀನು ಅದರ ಹಿಂದೆ."

ನಾಯಿಯ ಹಿಂದೆ ಕೋಣೆಯಿಂದ ಕೋಣೆಗೆ ಹೋದೆವು. ಕೊನೆಯ ಬಾಗಿಲು ಎದುರಿಗೆ ಬಂತು, ಒಂದು ಹಾರು ಹಾರಿದರೆ ಸಾಕು. ಅಷ್ಟರಲ್ಲಿ ಗುಡುಗಿತು. ಊರೆಲ್ಲ ಕಾದಿದ್ದ ಮಳೆ ಅದೇ ಗಳಿಗೆಯಲ್ಲಿ ಸುರಿಯಿತು. ಅಜ್ಜ ಅಂಗಳದಲ್ಲಿ ನೆನೆಯುತ್ತ ನಿಂತು ನಗುತ್ತಿದ್ದರು. ಮೋಟರು ನಿಂತವು, ಚಿತ್ರ ಹಿಗ್ಗಿತು, ನಾಯಿ ಗಾಜಿನಾಚೆ ಜಾರಿತು, ಹಿಂದೆಯೇ ಕರೆಂಟೂ ಹೋಯಿತು. ಎಲ್ಲೋ ಲೈನಿನ ಮೇಲೆ ಮರ ಬಿದ್ದಿತ್ತು. ಎಷ್ಟೋ ದಿನ ಕಳೆದು ಕರೆಂಟು ವಾಪಸು ಬರುವಷ್ಟರಲ್ಲಿ ಶರತಣ್ಣ ಬಂದು ಡಬ್ಬಿ ಒಯ್ದಿದ್ದ.

ಧಾರೆಯ ದಿನ ಬಾಸಿಂಗ ಕಟ್ಟಿಕೊಂಡ ಚಿಕ್ಕಮ್ಮ ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಕೇಳಿದಳು, "ಆ ಬಾಗಿಲ ಹಿಂದೆ ಏನಿದ್ದೀತೇ?"

ಹೋದ ವರ್ಷ ಬಣಕಲ್‌ಗೆ ಹೋಗಿದ್ದೆ. ಚಿಕ್ಕಮ್ಮನ ಮಗಳು ದಿಯಾ ಅದೇ ಆಟವನ್ನು ಎಲ್ಲಿಂದಲೋ ಹುಡುಕಿ ತರಿಸಿ, ಗೋಡೆಯಷ್ಟು ದೊಡ್ಡ ಟಿವಿಗೆ ಹಾಕಿದ್ದಳು. ಮೂಲೆ ಮೂಲೆಯೂ ಕಾಣುತ್ತಿತ್ತು. ನೀರು ಇಳಿದ ಮರುಕ್ಷಣವೇ ನಾಯಿ ಕಂಡಿತು. "ಅಲ್ಲೇ ಇದ್ಯಲ್ಲ, ಇದ್ರಲ್ಲಿ ಹುಡ್ಕೋದೇನು?" ಎಂದಳು ದಿಯಾ.

ಆದರೆ ಚಿಕ್ಕಮ್ಮ ಗುಂಡಿ ಒತ್ತಿದರೆ ನಾವಿಕ ಒಂದು ಚೂರು ತಡೆದು ಹಾರುತ್ತಿದ್ದ, ಸಮುದ್ರಕ್ಕೆ ಬೀಳುತ್ತಿದ್ದ. ಹಳೇ ಟಿವಿಯಲ್ಲಿ ಒತ್ತಿದ ತಕ್ಷಣ ಹಾರುತ್ತಿದ್ದವನು. "ನಂಗೆ ವಯಸ್ಸಾಯ್ತು" ಎಂದು ಅವಳು ಸಪ್ಪಗಾದಳು.

"ನೀನಲ್ಲಮ್ಮ, ಟಿವಿ ಲೇಟು. ಗೇಮ್ ಮೋಡ್ ಹಾಕ್ಬೇಕು" ಎಂದು ದಿಯಾ ಏನೋ ಬದಲಿಸಿದಳು. ಆಮೇಲೆ ಎಲ್ಲ ಬೆಣ್ಣೆ ಜಾರಿದ ಹಾಗೆ. ನನ್ನ ಕಾಫಿ ಆರುವ ಮೊದಲೇ ಕೊನೆಯ ಬಾಗಿಲು ತೆರೆಯಿತು. ಬಾಗಿಲ ಹಿಂದೆ ಒಂದು ದೋಣಿ, ಬೆಳಗಿನ ಸಮುದ್ರ. ನಾವಿಕನೂ ನಾಯಿಯೂ ಹತ್ತಿ ಹೋದರು.

ನಾನು ಗಾಬರಿಯಾದೆ. ಇಷ್ಟು ವರ್ಷ ಕಾದದ್ದು ಕಣ್ಣೆದುರು ನಡೆದರೂ ನನ್ನೊಳಗೆ ಏನೂ ಅಲುಗಲಿಲ್ಲ. ಚಿಕ್ಕಮ್ಮನ ಮುಖ ನೋಡಿದೆ. ಅವಳು ಟಿವಿಯ ಬಲಗಡೆಯ ಖಾಲಿ ಗೋಡೆ ನೋಡುತ್ತಿದ್ದಳು.

"ಏನಮ್ಮ, ಗೆದ್ದೆಯಲ್ಲ?" ಎಂದಳು ದಿಯಾ.

"ಗೆದ್ದೆ" ಎಂದಳು ಚಿಕ್ಕಮ್ಮ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಹಪ್ಪಳ ತಿಂದು ತಿಥಿ ಮಾಡಿದ್ವಲ್ಲ, ಆ ನಾಯಿ ಇದಲ್ಲ ಕಣೇ."