ಸುಮ್ಮನೆ ನಿಂತ ಮುಂದಿನ ಎರಡು ಚಕ್ರ

ನಾನು ಮದ್ದೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಘರ್ಷಣೆಯ ಬಗ್ಗೆ ಇಪ್ಪತ್ತೆರಡು ವರ್ಷ ನಿರರ್ಗಳವಾಗಿ ಮಾತಾಡಿದವನು, ಹತ್ತಿರದ ಕೊಪ್ಪದ ನಮ್ಮ ಗದ್ದೆಯಲ್ಲಿ ಕಬ್ಬು ತುಂಬಿದ ಹಳೇ ಪಿಕಪ್ಪು ಹೂತುಕೊಂಡ ದಿನ ಮಾತ್ರ ಮೌನಿಯಾದೆ. ಹಿಂದಿನ ಎರಡು ಚಕ್ರ ಶ್ರದ್ಧೆಯಿಂದ ಗುಂಡಿ ತೋಡುತ್ತಿದ್ದವು. ಮುಂದಿನವೆರಡು ಗಂಡಿನ ಕಡೆಯವರ ಹಾಗೆ ಸುಮ್ಮನೆ ನಿಂತು ನೋಡುತ್ತಿದ್ದವು. ಕಡಿದ ಕಬ್ಬು ಮೂರು ದಿನ ಅಲ್ಲೇ ಒಣಗಿತು.

ಬೇರೆ ಗಾಡಿ ಕೊಳ್ಳುವುದು ಸಾಮಾನ್ಯರ ದಾರಿ. ವಿದ್ಯಾವಂತನಾದ ನಾನು, ಇದ್ದ ಗೇರ್‌ಬಾಕ್ಸನ್ನೇ ನಾಲ್ಕೂ ಚಕ್ರ ಎಳೆಯುವ ಹಾಗೆ ಮಾರ್ಪಡಿಸಲು ಹೊರಟೆ.

ಗೆಜ್ಜಲಗೆರೆಯ ಮೆಕ್ಯಾನಿಕ್ ಬಸವರಾಜು ನನ್ನ ಹಳೆಯ ವಿದ್ಯಾರ್ಥಿ; ನನ್ನ ವಿಷಯದಲ್ಲೇ ಎರಡು ಸಲ ಫೇಲಾದವನು. ಗಾಡಿಯಡಿಯಿಂದ ತೆವಳಿ ಬಂದು ಹೇಳಿದ: "ಗೇರ್‌ಬಾಕ್ಸಿನ ಹಿಂದಿನ ಶಾಫ್ಟು ಉದ್ದ ಐತೆ ಸಾ. ಮುಂದಿನ ಚಕ್ರಕ್ಕೂ ಬಲ ಅಂಚ್ಕೊಡೋ ಪೆಟ್ಟಿಗೆ ಕೂರ್ಬೇಕಾದ್ರೆ ಗಿಡ್ಡದ್ದು ಬೇಕು. ತರೋಕ್ ಮುಂಚೆ ಅದರ ಅಲ್ಲು ಎಣಿಸ್ಕಬುಡಿ."

ಹಲ್ಲು ಎಣಿಸುವುದು ದನದ ದಲ್ಲಾಳಿಯ ಕೆಲಸವೆಂದು ನಾನು ಎಣಿಸಿದೆ. ಉದ್ದ, ದಪ್ಪ ಅಳೆದು, ಹಾಳೆ ತುಂಬ ಗಣಿತ ಬರೆದು, ಬೆಂಗಳೂರಿನ ಗುಜರಿಯಿಂದ ಆ ಪೆಟ್ಟಿಗೆಯನ್ನೂ ಒಂದು ಗಿಡ್ಡ ಶಾಫ್ಟನ್ನೂ ತಂದೆ. ಬಸವರಾಜು ಗೇರ್‌ಬಾಕ್ಸನ್ನು ಪೂರಾ ಬಿಚ್ಚಿ, ಶಾಫ್ಟು ಕೂರಿಸಿದ. ಹೊಸ ಪೆಟ್ಟಿಗೆಯೊಳಗೆ ಮಾತ್ರ ಅದು ಹೋಗಲೊಲ್ಲದು. ಅವನು ಎಣಿಸಿದ. ಪೆಟ್ಟಿಗೆಗೆ ಬೇಕಾದದ್ದು ಇಪ್ಪತ್ತಮೂರು ಹಲ್ಲು; ನಾನು ತಂದದ್ದಕ್ಕೆ ಇಪ್ಪತ್ತಾರು.

"ಹಲ್ಲು ಜಾಸ್ತಿ ಇದ್ರೆ ಒಳ್ಳೇದೇ ಅಲ್ವೇನಯ್ಯ?" ಎಂದೆ.

"ಉಣ್ಣೋಕಾದ್ರೆ ಒಳ್ಳೇದೇ ಸಾ."

ಹರಡಿದ್ದ ಬಿಡಿಭಾಗಗಳನ್ನು ನೋಡಲು ಬಂದ ನನ್ನ ಹೆಂಡತಿ ಸಾವಿತ್ರಿ, "ಓಡ್ತಿದ್ದ ಗಾಡಿನ ಪಾತ್ರೆ ಅಂಗಡಿ ಮಾಡ್ಬುಟ್ರಲ್ಲ ಕಣ್ರೀ" ಎಂದಳು. ಇನ್ನೊಂದು ಗದ್ದೆಯ ಕಬ್ಬು ಕಟಾವಿಗೆ ಬಂದಿತ್ತು, ಮಳೆಯೂ ಹಿಡಿದಿತ್ತು. ನಾನು ಹಾಳೆ ಮಡಚಿಟ್ಟೆ. ಈ ಸಲ ಗುಜರಿಗೆ ಬಸವರಾಜುವೇ ಹೋಗಿ, ಉಗುರಿನಿಂದ ಒಂದೊಂದೇ ಹಲ್ಲು ಎಣಿಸಿ ಶಾಫ್ಟು ತಂದು ಕೂರಿಸಿದ.

ಕಟಾವಿನ ದಿನ ಅವನು ನನ್ನ ಪಕ್ಕದಲ್ಲೇ ಕೂತ. ಗಾಡಿ ಒಮ್ಮೆ ನಡುಗಿತು. ಮುಂದಿನ ಚಕ್ರಗಳು ಕೆಸರನ್ನು ಕಚ್ಚಿ ಹಿಡಿದು, ಇಡೀ ಹೇರನ್ನು ಬದುವಿನ ಮೇಲಕ್ಕೆ ಎಳೆದವು. ನಾನು ಕೂಗಿಯೇಬಿಟ್ಟೆ.

ಟಾರು ರಸ್ತೆ ಸಿಕ್ಕಿದ ಕೂಡಲೇ ಬಸವರಾಜು, "ಮುಂದಿನ ಚಕ್ರದ ಎಳೆತ ಬುಡಿಸ್ಬುಡಿ ಸಾ. ಗಟ್ಟಿ ರಸ್ತೇಲಿ ನಾಲ್ಕೂ ಎಳುದ್ರೆ ಗೇರು ಮುರ್ದೋಯ್ತದೆ" ಎಂದ.

"ಯಾಕೆ?"

ಇಂಥ ಪ್ರಶ್ನೆ ಕೇಳಿದ ಹುಡುಗರಿಗೆ ನಾನು, "ಸಿಲಬಸ್ಸಿನಲ್ಲಿಲ್ಲ, ಕೂತ್ಕೋ" ಎನ್ನುವುದು ರೂಢಿ. ಬಸವರಾಜು ಹಾಗನ್ನಲಿಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕಾಗುತ್ತದೆ, ಕೆಸರಲ್ಲಾದರೆ ಜಾರಿಕೊಳ್ಳುತ್ತದೆ, ಟಾರಿನ ಮೇಲೆ ಜಾರಲಾಗದೆ ಗೇರನ್ನೇ ತಿರುಚುತ್ತದೆ ಎಂಬುದನ್ನು ಅಂಗೈ ಮೇಲೆ ಗೆರೆ ಎಳೆದು ತೋರಿಸಿದ. ಅರ್ಥವಾಯಿತು ಎಂದೆ. ಅವನು ನನ್ನ ಮುಖ ನೋಡಿ, ಮೊದಲಿಂದ ಇನ್ನೊಂದು ಸಲ ಹೇಳಿದ.