ಸಣ್ಣಸ್ವಾಮಿ ಮೇಷ್ಟ್ರ ಎರಡು ಚೌಕ

ಸೋಮವಾರಪೇಟೆಯ ಡ್ರಾಯಿಂಗ್ ಮೇಷ್ಟ್ರು ಸಣ್ಣಸ್ವಾಮಿಯವರ ಮನೆ ಮುಂದೆ ಎಲ್ಲರೂ ತಲೆ ತಗ್ಗಿಸಿಯೇ ಹಾಯುತ್ತಾರೆ. ಅವರ ಕಣ್ಣಿಗೆ ಬಿದ್ದರೆ ಪರೀಕ್ಷೆ ತಪ್ಪಿದ್ದಲ್ಲ. ಸಂತೆಗೆ ಹೊರಟವರಿರಲಿ, ಮಡಿಕೇರಿಯಿಂದ ಚೀಫ್ ಕಮಿಷನರೇ ಬರಲಿ, ಜಗಲಿಯಲ್ಲಿ ಕೂರಿಸಿ, ಕೊರೆದ ಹಲಗೆಗೆ ಬಣ್ಣ ಬಳಿದು, ಮೇಲೆ ಹಾಳೆಯಿಟ್ಟು, ತಾಯಿಯ ಸೌಟಿನ ಬೆನ್ನಲ್ಲಿ ಉಜ್ಜಿ ತೆಗೆದ ಅಚ್ಚಿನ ಚಿತ್ರವನ್ನು ಮೂಗಿನ ಮುಂದೆ ಹಿಡಿಯುತ್ತಾರೆ. ಅದರಲ್ಲಿ ದೇವರಿಲ್ಲ, ಹೂವಿಲ್ಲ. ಹಳದಿಯ ನಡುವೆ ಒಂದು ಬೂದು ಚೌಕ, ಕಡುನೀಲಿಯ ನಡುವೆ ಇನ್ನೊಂದು. "ಯಾವ ಚೌಕದ ಬಣ್ಣ ತಿಳಿ? ಬೇಗ ಹೇಳ್ರಿ!" ಬಸ್ಸು ಹಾರನ್ ಹೊಡೆಯುತ್ತಿದ್ದರೂ ಬಿಡುವುದಿಲ್ಲ. ಬೆವರುತ್ತಾ "ನೀಲಿ ಒಳಗಿರೋದು" ಎಂದಿರೋ, ಎರಡು ಕಿಂಡಿ ಕೊರೆದ ರಟ್ಟನ್ನು ಮೇಲಿಟ್ಟು ಸುತ್ತಲಿನ ಬಣ್ಣ ಮುಚ್ಚುತ್ತಾರೆ. ಎರಡೂ ಒಂದೇ ಬೂದು! "ಕಣ್ಣಿದ್ದೂ ಕುರುಡರು ಕಣ್ರಯ್ಯಾ," ಎಂದು ಬೀದಿಗೆಲ್ಲ ಕೇಳುವಂತೆ ನಗುತ್ತಾರೆ. ಮೊನ್ನೆ ನಾನು ಸೋತು ಕೂತಿದ್ದಾಗ, ಕಾಫಿ ತಂದ ತಾಯಿ ಹುಚ್ಚಮ್ಮನವರಿಗೂ ಮೊದಲ ಸಲ ಚಿತ್ರ ಹಿಡಿದರು. ರಟ್ಟು ಇಡುವ ಮೊದಲೇ ಮುದುಕಿ, "ಎರಡೂ ಒಂದೇ ಕಣೋ," ಎಂದರು. ಮೇಷ್ಟ್ರ ನಗು ಅರ್ಧಕ್ಕೇ ನಿಂತಿತು. ಹಾಳೆಯನ್ನು ಮೆಲ್ಲಗೆ ತಿರುಗಿಸಿ, ಏನೂ ಇಲ್ಲದ ಬಿಳಿಯ ಬೆನ್ನನ್ನು ತಾಯಿಯ ಮುಂದೆ ಹಿಡಿದರು. "ಈಗ ಹೇಳವ್ವ?" "ಈಗ್ಲೂ ಅಷ್ಟೇ ಕಣೋ, ಎರಡೂ ಒಂದೇ."